ಉತ್ತರ ನೋಡದೆ ಗೆಲ್ಲುವುದು: ಕಷ್ಟದ ಸಿಮ್ಯುಲೇಶನ್ ಮತ್ತು ಪ್ರೋಗ್ರಾಮಿಂಗ್ ಆಟಗಳನ್ನು ಆಡುವ ಬಗೆ

ಪರದೆಯ ಮೇಲೆ ಒಂದು ಕೋಣೆ. ಎಡಗಡೆಯಿಂದ ಸಂಖ್ಯೆಗಳು ಒಂದೊಂದಾಗಿ ಒಳಗೆ ಬರುತ್ತವೆ. ಪ್ರತಿಯೊಂದನ್ನೂ ಎಂಟರಷ್ಟು ಮಾಡಿ ಬಲಗಡೆಯಿಂದ ಹೊರಗೆ ಕಳಿಸಬೇಕು. ಆದರೆ ಗುಣಿಸುವ ಸೂಚನೆಯೇ ಇಲ್ಲ. ಕೂಡಬಹುದು, ನೆಲದ ಮೇಲೆ ಇಟ್ಟು ಮತ್ತೆ ಎತ್ತಿಕೊಳ್ಳಬಹುದು, ಅಷ್ಟೇ. ಹೊಡೆಯಲು ಬರುವ ಶತ್ರು ಇಲ್ಲ. ಬೆರಳು ಚುರುಕಾಗಿರಬೇಕು ಅಂತಲೂ ಇಲ್ಲ. ಆದರೂ ಒಂದು ಗಂಟೆ ಕಳೆದದ್ದು ಗೊತ್ತೇ ಆಗುವುದಿಲ್ಲ.

"ದಿನವಿಡೀ ಕೆಲಸ ಮಾಡಿ ಬಂದು ಆಟದಲ್ಲೂ ಕೆಲಸವಾ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಇದು. ಹೊರಗಿನ ಬದುಕಿನಲ್ಲಿ ಒಂದು ಕೆಲಸ ಕೆಟ್ಟರೆ, ಯಾಕೆ ಕೆಟ್ಟಿತು ಎಂಬುದು ಎಷ್ಟೋ ಸಲ ಕೊನೆಯವರೆಗೂ ತಿಳಿಯುವುದಿಲ್ಲ. ಈ ಆಟಗಳಲ್ಲಿ ಹಾಗಲ್ಲ. ತಪ್ಪು ಎಲ್ಲೂ ಓಡಿಹೋಗುವುದಿಲ್ಲ, ಕಣ್ಣೆದುರೇ ಕೂತಿರುತ್ತದೆ. ನಿಧಾನವಾಗಿ ಹುಡುಕಿದರೆ ಸಿಕ್ಕೇ ಸಿಗುತ್ತದೆ. ಅದು ಸಿಕ್ಕ ಗಳಿಗೆಯಲ್ಲಿ ಆಗುವ ಖುಷಿ ಇದೆಯಲ್ಲ, ಅದಕ್ಕಾಗಿಯೇ ನಾವು ಇವನ್ನು ಆಡುವುದು.

ತುಂಬಾ ಜನ ಆ ಗಳಿಗೆ ಬರುವ ಮೊದಲೇ ಬಿಟ್ಟುಬಿಡುತ್ತಾರೆ, ಇಲ್ಲವೇ ಬೇರೆಯವರ ಉತ್ತರ ನೋಡಿ ಅದನ್ನು ಕಳೆದುಕೊಳ್ಳುತ್ತಾರೆ. ಹಾಗಾಗದಂತೆ ಆಡುವುದು ಹೇಗೆ ಅನ್ನೋದು ಈ ಲೇಖನ.

ಮೊದಲ ಆಟವನ್ನು ಆರಿಸಿಕೊಳ್ಳಿ

ಪ್ರೋಗ್ರಾಮಿಂಗ್ ಗೊತ್ತೇ ಇಲ್ಲದವರು 2015ರ ಹ್ಯೂಮನ್ ರಿಸೋರ್ಸ್ ಮೆಷಿನ್‌ನಿಂದ ಶುರು ಮಾಡಿ. ಟುಮಾರೋ ಕಾರ್ಪೊರೇಶನ್ ಮಾಡಿದ ಆಟ. ಒಬ್ಬ ಪುಟ್ಟ ಗುಮಾಸ್ತ ಪೆಟ್ಟಿಗೆಗಳನ್ನು ಎತ್ತಿಕೊಂಡು ಓಡಾಡುತ್ತಾನೆ. ನೀವು ಅವನಿಗೆ ಏನೇನು ಮಾಡಬೇಕು ಎಂದು ಪಟ್ಟಿ ಬರೆದುಕೊಡುತ್ತೀರಿ. ಇಡೀ ಆಟದಲ್ಲಿ ಇರುವುದು 11 ಸೂಚನೆಗಳು ಮಾತ್ರ. ಅವೂ ಒಂದೊಂದಾಗಿ ಕೈಗೆ ಬರುತ್ತವೆ. ಮೊದಲೇ ಹೇಳಿದ ಎಂಟರಷ್ಟು ಮಾಡುವ ಒಗಟು ಇದೇ ಆಟದ್ದು.

ಸಂಖ್ಯೆಗಿಂತ ಆಕಾರ, ಚಲನೆ ಇಷ್ಟಪಡುವವರಿಗೆ ಓಪಸ್ ಮ್ಯಾಗ್ನಮ್. 2017ರಲ್ಲಿ ಝ್ಯಾಕ್ಟ್ರಾನಿಕ್ಸ್ ತಂದದ್ದು. ಯಂತ್ರದ ತೋಳುಗಳನ್ನು ಜೋಡಿಸಿ, ಅಣುಗಳನ್ನು ತಿರುಗಿಸಿ ಅಂಟಿಸಬೇಕು. ಜಾಗಕ್ಕೆ ಮಿತಿ ಇಲ್ಲ. ಹಾಗಾಗಿ ಒಡ್ಡೊಡ್ಡಾಗಿ ಕಟ್ಟಿದರೂ ಲೆವೆಲ್ ಮುಗಿಯುತ್ತದೆ. ಹೊಸಬರಿಗೆ ಇದಕ್ಕಿಂತ ದಯೆಯ ಆಟ ಆ ಸಂಸ್ಥೆಯಿಂದ ಬಂದಿಲ್ಲ ಎಂದೇ ನನ್ನ ಅನಿಸಿಕೆ.

ದೊಡ್ಡದನ್ನು ಕಟ್ಟುವ ಆಸೆ ಇದ್ದರೆ ಫ್ಯಾಕ್ಟೋರಿಯೊ. ಆಕಾಶದತ್ತ ಕಣ್ಣಿದ್ದರೆ ಕರ್ಬಲ್ ಸ್ಪೇಸ್ ಪ್ರೋಗ್ರಾಂ. ಇವೆರಡರ ಬಗ್ಗೆ ಮುಂದೆ ಜಾಸ್ತಿ ಹೇಳುತ್ತೇನೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುವೆ. ಮೊದಲ ಆಟವಾಗಿ ಝ್ಯಾಕ್ಟ್ರಾನಿಕ್ಸ್‌ನದೇ ಕೋಡ್ ಬರೆಯುವ ಆಟ ಟಿಐಎಸ್-100 ಬೇಡ. ಅದರಷ್ಟು ಚೆಂದದ ಆಟ ಕಡಿಮೆ, ನಿಜ. ಆದರೆ ಅದು ಎರಡನೆಯದೋ ಮೂರನೆಯದೋ ಆಗಿ ಬಂದರೆ ಮಾತ್ರ ಆ ಚೆಂದ ಕಾಣುತ್ತದೆ.

ಕೈಪಿಡಿ ಓದಿ, ಪಕ್ಕದಲ್ಲಿ ನೋಟ್‌ಬುಕ್ ಇಡಿ

ಹೆಚ್ಚಿನ ಆಟಗಳಲ್ಲಿ ಕೈಪಿಡಿಯನ್ನು ಯಾರೂ ತೆರೆಯುವುದಿಲ್ಲ. ಟಿಐಎಸ್-100, ಶೆನ್‌ಜೆನ್ ಐಓ ಥರದ ಆಟಗಳಲ್ಲಿ ಕೈಪಿಡಿ ಆಟದ್ದೇ ಒಂದು ಭಾಗ. ಪಿಡಿಎಫ್ ಆಗಿ ಬರುತ್ತದೆ. ಆಟ ಪಾಠ ಮಾಡುವುದಿಲ್ಲ, ನೀವೇ ಓದಿ ಕಲಿಯಬೇಕು. ಸಾಧ್ಯವಾದರೆ ಪ್ರಿಂಟ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಸೂಚನೆಗಳ ಪಟ್ಟಿಯನ್ನಾದರೂ ಒಂದು ಹಾಳೆಯಲ್ಲಿ ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ. ಬರೆಯುವಾಗಲೇ ಅರ್ಧ ತಲೆಗೆ ಹತ್ತಿರುತ್ತದೆ.

ಯಂತ್ರ ಮುಟ್ಟುವ ಮೊದಲು ಕೈಯಲ್ಲೇ ಮಾಡಿ ನೋಡಿ

ಒಗಟು ಬಂದ ಕೂಡಲೇ ಸೂಚನೆಗಳನ್ನು ಎಳೆದು ಜೋಡಿಸಲು ಹೋಗಬೇಡಿ. ಒಂದು ಚಿಕ್ಕ ಸಂಖ್ಯೆ ತೆಗೆದುಕೊಂಡು ಕಾಗದದ ಮೇಲೆ ಆ ಕೆಲಸವನ್ನು ನೀವೇ ಮಾಡಿ.

ಎಂಟರಷ್ಟು ಮಾಡುವ ಒಗಟನ್ನೇ ತೆಗೆದುಕೊಳ್ಳೋಣ. ಗುಮಾಸ್ತನ ಕೈಯಲ್ಲಿ 3 ಇದೆ. ಅದರ ಒಂದು ಪ್ರತಿಯನ್ನು ನೆಲದ ಮೇಲೆ ಇಡುತ್ತಾನೆ. ಕೈಯಲ್ಲೂ 3 ಉಳಿದಿರುತ್ತದೆ. ಈಗ ನೆಲದ 3ನ್ನು ಕೈಯಲ್ಲಿರುವುದಕ್ಕೆ ಏಳು ಸಲ ಕೂಡಿದರೆ 24. ಸರಿಯಾದ ಉತ್ತರವೇ. ಸಂಖ್ಯೆ ತೆಗೆದುಕೊಳ್ಳುವುದು, ನೆಲಕ್ಕಿಡುವುದು, ಏಳು ಕೂಡಿಕೆ, ಹೊರಗೆ ಹಾಕುವುದು, ಮತ್ತೆ ಮೊದಲಿಗೆ ಹೋಗುವುದು. ಒಟ್ಟು 11 ಸಾಲು.

ಈಗ ಅದನ್ನೇ ಕಾಗದದ ಮೇಲೆ ಇನ್ನೊಮ್ಮೆ ಮಾಡಿ. ಈ ಸಲ ನೆಲದ ಮೇಲಿನ ಸಂಖ್ಯೆಯತ್ತ ಗಮನ ಇಡಿ. ಅದು ಕೊನೆಯವರೆಗೂ 3 ಆಗಿಯೇ ಇರಬೇಕಾ? ಮೊದಲ ಸಲ ಕೂಡಿದಾಗ ಕೈಯಲ್ಲಿ 6 ಬಂತು. ಆ 6ನ್ನು ನೆಲಕ್ಕಿಟ್ಟು ಮತ್ತೆ ಕೂಡಿದರೆ 12. ಆ 12ನ್ನು ಇಟ್ಟು ಕೂಡಿದರೆ 24. ಮೂರೇ ಕೂಡಿಕೆ! ಒಟ್ಟು 9 ಸಾಲು. ಎರಡು ಸಾಲು ಉಳಿದದ್ದು ದೊಡ್ಡದಲ್ಲ. ಆದರೆ ಹದಿನಾರರಷ್ಟು, ಮೂವತ್ತೆರಡರಷ್ಟು ಮಾಡಬೇಕಾಗಿದ್ದರೆ? ಮೊದಲ ದಾರಿಯಲ್ಲಿ 31 ಕೂಡಿಕೆ ಬೇಕು, ಎರಡನೆಯದರಲ್ಲಿ 5 ಸಾಕು. ಕಂಪ್ಯೂಟರ್ ಚಿಪ್‌ಗಳ ಒಳಗೂ ಗುಣಾಕಾರದ ಬೇರು ಇಂಥ ದುಪ್ಪಟ್ಟು ಮಾಡುವ ಉಪಾಯದಲ್ಲೇ ಇದೆ. ಯಾರೂ ಹೇಳಿಕೊಡದೆ ನೀವೇ ಅದನ್ನು ಕಂಡುಹಿಡಿದಿರಿ, ಅಲ್ವಾ? ಈ ಆಟಗಳ ಸೆಳೆತ ಅಲ್ಲಿದೆ.

ಮೊದಲು ಕೆಲಸ ಆಗಲಿ, ಚೆಂದ ಆಮೇಲೆ

ಮೊದಲ ಪ್ರಯತ್ನದಲ್ಲೇ ಅಚ್ಚುಕಟ್ಟಾದ ಉತ್ತರ ಬೇಕು ಎಂದು ಹಟ ಹಿಡಿದವರು ಬೇಗ ಸೋಲುತ್ತಾರೆ. ಉದ್ದವಾಗಲಿ, ನಿಧಾನವಾಗಲಿ, ಒಂದೇ ಕೆಲಸವನ್ನು ಮೂರು ಕಡೆ ಬರೆದಿರಲಿ, ಪರವಾಗಿಲ್ಲ. ಒಮ್ಮೆ ಓಡಿ ಲೆವೆಲ್ ಮುಗಿದರೆ ಸಾಕು. ಕೈಯಲ್ಲಿ ಒಂದು ಸರಿ ಉತ್ತರ ಇದ್ದಾಗ ಮನಸ್ಸು ಹಗುರಾಗುತ್ತದೆ. ಆಮೇಲೆ ಅದರ ಪ್ರತಿ ಮಾಡಿಟ್ಟುಕೊಂಡು ಧೈರ್ಯವಾಗಿ ಬದಲಾಯಿಸಬಹುದು.

ಒಂದೊಂದೇ ಹೆಜ್ಜೆ ಓಡಿಸಿ

ಈ ಲೇಖನದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಇಂಥ ಬಹುಪಾಲು ಆಟಗಳಲ್ಲಿ ಪೂರ್ತಿ ವೇಗದಲ್ಲಿ ಓಡಿಸುವ ಬಟನ್ ಪಕ್ಕದಲ್ಲೇ ಒಂದು ಹೆಜ್ಜೆ ಮಾತ್ರ ಓಡಿಸುವ ಬಟನ್ ಇರುತ್ತದೆ. ಹೊಸಬರು ವೇಗದ ಬಟನ್ ಒತ್ತುತ್ತಾರೆ, ಕೆಂಪು ದೀಪ ಬರುತ್ತದೆ, ಯಾವುದೋ ಒಂದು ಸಾಲು ಬದಲಾಯಿಸಿ ಮತ್ತೆ ಒತ್ತುತ್ತಾರೆ. ಇದು ಸುಮ್ನೆ ಕತ್ತಲಲ್ಲಿ ತಡಕಾಡಿದ ಹಾಗೆ.

ಹೀಗೆ ಮಾಡಿ. ಹೆಜ್ಜೆಯ ಬಟನ್ ಒತ್ತುವ ಮೊದಲು ಈಗ ಏನಾಗುತ್ತದೆ ಎಂದು ಬಾಯಿಬಿಟ್ಟು ಹೇಳಿ. "ಈಗ ಕೈಗೆ 5 ಬರುತ್ತದೆ." ಒತ್ತಿ. ಬಂತಾ? ಮುಂದೆ ಹೋಗಿ. ನೀವು ಹೇಳಿದ್ದು ಒಂದು, ಆದದ್ದು ಇನ್ನೊಂದು ಆದ ಜಾಗದಲ್ಲೇ ತಪ್ಪು ಇದೆ. ಅಲ್ಲಿಯವರೆಗಿನ ಎಲ್ಲ ಸಾಲುಗಳೂ ಸರಿ. ಅವನ್ನು ಮುಟ್ಟಬೇಡಿ.

ಟಿಐಎಸ್-100ಗೆ ಬಂದಾಗ ಈ ಅಭ್ಯಾಸವೇ ನಿಮ್ಮನ್ನು ಕಾಯುತ್ತದೆ. ಅಲ್ಲಿ 12 ಪುಟ್ಟ ಗಣಕಗಳು ಚೌಕದ ಮನೆಗಳಂತೆ ಜೋಡಿಸಿಕೊಂಡಿವೆ. ಒಂದೊಂದರಲ್ಲಿ 15 ಸಾಲು ಕೋಡ್ ಮಾತ್ರ ಹಿಡಿಯುತ್ತದೆ. ಸಂಖ್ಯೆಗಳು -999ರಿಂದ 999ರವರೆಗೆ. ಲೆಕ್ಕ ಮಾಡಲು ಒಂದು ಜಾಗ, ಎತ್ತಿಡಲು ಇನ್ನೊಂದು ಜಾಗ, ಅಷ್ಟೇ ನೆನಪು. ಪಕ್ಕದ ಮನೆಗೆ ಸಂಖ್ಯೆ ಕೊಡಬೇಕಾದರೆ, ಅವರು ತೆಗೆದುಕೊಳ್ಳುವವರೆಗೂ ನೀವು ಬಾಗಿಲಲ್ಲೇ ನಿಂತಿರಬೇಕು.

ಇಲ್ಲಿ ಆಗುವ ಸಾಮಾನ್ಯ ತೊಂದರೆ ಎಂದರೆ ಎಲ್ಲವೂ ಸ್ತಬ್ಧವಾಗಿ ನಿಲ್ಲುವುದು. ತಪ್ಪಾದ ಸಂಖ್ಯೆಯೂ ಹೊರಗೆ ಬರುವುದಿಲ್ಲ, ಏನೂ ಬರುವುದಿಲ್ಲ. ಆಗ ಪ್ರತಿ ಮನೆಯೂ ಏನಕ್ಕಾಗಿ ಕಾಯುತ್ತಿದೆ ಎಂದು ನೋಡಿ. ಎಡಗಡೆಯದು ಬಲಗಡೆಯಿಂದ ಸಂಖ್ಯೆ ಬರಲಿ ಎಂದು ಕಾಯುತ್ತಿದೆ. ಬಲಗಡೆಯದು ಎಡಗಡೆಯಿಂದ ಬರಲಿ ಎಂದು ಕಾಯುತ್ತಿದೆ. ಯಾರೂ ಕೊಡುತ್ತಿಲ್ಲ. ನಿಜವಾದ ಸಾಫ್ಟ್‌ವೇರ್‌ನಲ್ಲಿ ಇದನ್ನು ಡೆಡ್‌ಲಾಕ್ ಎನ್ನುತ್ತಾರೆ. ಬಿಡಿಸುವ ದಾರಿ ಸರಳ. ಯಾರು ಮೊದಲು ಕೊಡಬೇಕು ಎಂದು ನೀವೇ ತೀರ್ಮಾನಿಸಿ ಸಾಲುಗಳ ಕ್ರಮ ಬದಲಾಯಿಸಿ.

ಫ್ಯಾಕ್ಟೋರಿಯೊ: ಬೆಲ್ಟ್ ಏನು ಹೇಳುತ್ತಿದೆ?

ಪ್ರಾಗ್‌ನ ವೂಬ್ ಸಾಫ್ಟ್‌ವೇರ್ ಮಾಡಿದ ಫ್ಯಾಕ್ಟೋರಿಯೊ ವರ್ಷಗಟ್ಟಲೆ ಆಟಗಾರರ ಜೊತೆಯಲ್ಲೇ ಬೆಳೆದು 2020ರಲ್ಲಿ ಪೂರ್ಣ ಆವೃತ್ತಿಯಾಗಿ ಬಂತು. ಅದಿರು ಅಗೆಯಬೇಕು, ಕರಗಿಸಬೇಕು, ಭಾಗಗಳನ್ನು ಮಾಡಬೇಕು, ಕೊನೆಗೆ ರಾಕೆಟ್ ಹಾರಿಸಬೇಕು. ಎಲ್ಲವೂ ಕನ್ವೇಯರ್ ಬೆಲ್ಟ್ ಮೇಲೆ.

ಕಾರ್ಖಾನೆ ದೊಡ್ಡದಾದಂತೆ ಎಲ್ಲೋ ಏನೋ ನಿಲ್ಲುತ್ತದೆ. ಎಲ್ಲಿ ನೋಡಬೇಕು ಎಂದು ತಿಳಿಯದೆ ಜನ ಕಂಗೆಡುತ್ತಾರೆ. ಬೆಲ್ಟನ್ನೇ ಕೇಳಿ. ಬೆಲ್ಟ್ ಖಾಲಿ ಇದ್ದರೆ ಕೊರತೆ ಹಿಂದೆ ಇದೆ, ವಸ್ತು ಬರುವ ಕಡೆಗೆ ನಡೆಯಿರಿ. ಬೆಲ್ಟ್ ತುಂಬಿ ನಿಂತಿದ್ದರೆ ತಡೆ ಮುಂದೆ ಇದೆ, ವಸ್ತು ಹೋಗುವ ಕಡೆಗೆ ನಡೆಯಿರಿ. ತುಂಬಿದ ಬೆಲ್ಟ್ ಖಾಲಿಯಾಗುವ ಜಾಗದಲ್ಲೋ, ಖಾಲಿ ಬೆಲ್ಟ್ ಶುರುವಾಗುವ ಜಾಗದಲ್ಲೋ ಸಮಸ್ಯೆ ಕೂತಿರುತ್ತದೆ. ನೂರಾರು ಯಂತ್ರಗಳಿದ್ದರೂ ಇದೊಂದು ಸೂತ್ರ ಸಾಕಾಗುತ್ತದೆ.

ಇನ್ನು ಲೆಕ್ಕ. ಮೊದಲ ದಿನಗಳಲ್ಲೇ ಎದುರಾಗುವುದು ಹಸಿರು ಸರ್ಕ್ಯೂಟ್. ತಾಮ್ರದ ತಂತಿ ಮಾಡುವ ಯಂತ್ರಕ್ಕೆ ಒಂದು ಸುತ್ತಿಗೆ ಅರ್ಧ ಸೆಕೆಂಡ್, ಬರುವುದು 2 ತಂತಿ. ಸರ್ಕ್ಯೂಟ್ ಮಾಡಲೂ ಅರ್ಧ ಸೆಕೆಂಡ್, ಬೇಕಾಗುವುದು 3 ತಂತಿ ಮತ್ತು 1 ಕಬ್ಬಿಣದ ತಗಡು. ಹಾಗಾದರೆ ಎರಡು ಸರ್ಕ್ಯೂಟ್ ಯಂತ್ರಕ್ಕೆ ಮೂರು ತಂತಿ ಯಂತ್ರ ಇಟ್ಟರೆ ಸರಿಸಮ. ಈ ಮೂರಕ್ಕೆ ಎರಡು ಎಂಬುದನ್ನು ಎಲ್ಲೋ ಓದಿ ಬಾಯಿಪಾಠ ಮಾಡುವುದಕ್ಕಿಂತ ನೀವೇ ಒಮ್ಮೆ ಭಾಗಿಸಿ ನೋಡಿ. ಒಂದು ಸಲ ಕೈಗೆ ಹತ್ತಿದರೆ ಮುಂದಿನ ಯಾವ ವಸ್ತುವಿಗೂ ಪಟ್ಟಿ ಹುಡುಕಬೇಕಿಲ್ಲ. ಹಳದಿ ಬೆಲ್ಟ್ ಸೆಕೆಂಡಿಗೆ 15 ವಸ್ತು ಸಾಗಿಸುತ್ತದೆ. ಕಲ್ಲಿನ ಕುಲುಮೆಗೆ ಒಂದು ತಗಡಿಗೆ 3.2 ಸೆಕೆಂಡ್ ಬೇಕು. ಎರಡನ್ನೂ ಗುಣಿಸಿದರೆ 48. ಒಂದು ಬೆಲ್ಟ್ ತುಂಬಲು 48 ಕುಲುಮೆ, ಲೆಕ್ಕ ಮುಗಿಯಿತು.

ವಿದ್ಯುತ್ತಿನ ಬಗ್ಗೆ ಎಚ್ಚರ ಇರಲಿ. ನನ್ನ ಮೊದಲ ಕಾರ್ಖಾನೆ ಹೀಗೆಯೇ ಕತ್ತಲಾಯಿತು. ಬಾಯ್ಲರ್‌ಗೆ ಕಲ್ಲಿದ್ದಲು ಎತ್ತಿಹಾಕುವ ಯಾಂತ್ರಿಕ ಕೈಗಳು ಕರೆಂಟಿನಿಂದಲೇ ಓಡುತ್ತಿದ್ದವು. ಯಂತ್ರಗಳು ಜಾಸ್ತಿಯಾಗಿ ಕರೆಂಟ್ ಸಾಲದಾಯಿತು. ಆ ಕೈಗಳು ನಿಧಾನವಾದವು. ಬಾಯ್ಲರ್‌ಗೆ ಕಲ್ಲಿದ್ದಲು ಕಡಿಮೆ ಬಿತ್ತು. ಅದರಿಂದ ಕರೆಂಟ್ ಇನ್ನೂ ಕಡಿಮೆ, ಕೈಗಳು ಇನ್ನೂ ನಿಧಾನ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ನಿಂತಿತು. ಬಾಯ್ಲರ್ ಹತ್ತಿರ ಮಾತ್ರ ಕರೆಂಟ್ ಬೇಡದ, ತಾನು ಎತ್ತುವ ಕಲ್ಲಿದ್ದಲನ್ನೇ ಉರಿಸಿಕೊಂಡು ಓಡುವ ಕೈಗಳನ್ನು ಇಟ್ಟರೆ ಈ ಸುಳಿ ಶುರುವಾಗುವುದಿಲ್ಲ. ಒಂದು ಬಾಯ್ಲರ್‌ಗೆ ಎರಡು ಉಗಿ ಎಂಜಿನ್ ಎಂಬ ಲೆಕ್ಕವನ್ನೂ ನೆನಪಿಡಿ. ಬಾಯ್ಲರ್ ಕೊಡುವುದು 1.8 ಮೆಗಾವ್ಯಾಟ್, ಎಂಜಿನ್ ಒಂದೊಂದು 900 ಕಿಲೋವ್ಯಾಟ್.

ಕರ್ಬಲ್: ಮೇಲಕ್ಕಲ್ಲ, ಪಕ್ಕಕ್ಕೆ

ಕರ್ಬಲ್ ಸ್ಪೇಸ್ ಪ್ರೋಗ್ರಾಂನ ಮೊದಲ ಸಾರ್ವಜನಿಕ ಆವೃತ್ತಿ ಬಂದದ್ದು 2011ರಲ್ಲಿ, ಪೂರ್ಣ ಆವೃತ್ತಿ 2015ರಲ್ಲಿ. ಕರ್ಬಿನ್ ಎಂಬ ಪುಟ್ಟ ಗ್ರಹದಿಂದ ರಾಕೆಟ್ ಕಟ್ಟಿ ಹಾರಿಸುವ ಆಟ. ಗ್ರಹದ ತ್ರಿಜ್ಯ 600 ಕಿಲೋಮೀಟರ್, ವಾತಾವರಣ 70 ಕಿಲೋಮೀಟರ್‌ವರೆಗೆ.

ಎಲ್ಲರೂ ಮಾಡುವ ಮೊದಲ ತಪ್ಪು, ರಾಕೆಟ್ಟನ್ನು ನೆಟ್ಟಗೆ ಮೇಲಕ್ಕೆ ಹಾರಿಸುವುದು. 100 ಕಿಲೋಮೀಟರ್ ಮುಟ್ಟುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಮತ್ತೆ ನೆಟ್ಟಗೆ ಕೆಳಗೆ ಬೀಳುತ್ತದೆ. ಕಕ್ಷೆಯಲ್ಲಿ ಇರುವುದು ಎಂದರೆ ಎತ್ತರದಲ್ಲಿ ಇರುವುದಲ್ಲ. ಪಕ್ಕಕ್ಕೆ ಎಷ್ಟು ವೇಗವಾಗಿ ಹೋಗಬೇಕೆಂದರೆ, ಬೀಳುತ್ತಾ ಬೀಳುತ್ತಾ ನೆಲವೇ ತಪ್ಪಿಹೋಗಬೇಕು. 80 ಕಿಲೋಮೀಟರ್ ಎತ್ತರದಲ್ಲಿ ಆ ವೇಗ ಸೆಕೆಂಡಿಗೆ ಸುಮಾರು 2,280 ಮೀಟರ್.

ಹಾಗಾಗಿ ಹೀಗೆ ಮಾಡಿ. ಚಿಕ್ಕ ರಾಕೆಟ್ ಕಟ್ಟಿ. ಹಾರಿಸುವ ಮೊದಲು ಹಂತಗಳ ಪಟ್ಟಿಯನ್ನು, ಅಂದರೆ ಯಾವ ಭಾಗ ಯಾವಾಗ ಚಾಲೂ ಆಗಬೇಕು ಎಂಬ ಕ್ರಮವನ್ನು, ಒಮ್ಮೆ ನೋಡಿ. ಪ್ಯಾರಾಶೂಟ್ ಮತ್ತು ಎಂಜಿನ್ ಒಂದೇ ಹಂತದಲ್ಲಿ ಸೇರಿಕೊಂಡಿರುವುದು ತುಂಬಾ ಸಾಮಾನ್ಯ. ವೇಗ ಸೆಕೆಂಡಿಗೆ 100 ಮೀಟರ್ ಆದಾಗ ಪೂರ್ವಕ್ಕೆ ಐದರಿಂದ ಹತ್ತು ಡಿಗ್ರಿ ವಾಲಿಸಿ. ಪೂರ್ವಕ್ಕೇ ಯಾಕೆ ಅಂದರೆ, ಗ್ರಹ ಆ ಕಡೆಗೆ ತಿರುಗುತ್ತಿದೆ. ನೆಲದ ಮೇಲೆ ನಿಂತಾಗಲೇ ನಿಮಗೆ ಸೆಕೆಂಡಿಗೆ ಸುಮಾರು 175 ಮೀಟರ್ ವೇಗ ಪುಕ್ಕಟೆಯಾಗಿ ಸಿಕ್ಕಿರುತ್ತದೆ. 10 ಕಿಲೋಮೀಟರ್ ಎತ್ತರಕ್ಕೆ ಬರುವಷ್ಟರಲ್ಲಿ ಸುಮಾರು 45 ಡಿಗ್ರಿ ವಾಲಿರಲಿ. ನಕ್ಷೆಯಲ್ಲಿ ದಾರಿಯ ತುತ್ತತುದಿ 80 ಕಿಲೋಮೀಟರ್ ತೋರಿಸಿದ ಕೂಡಲೇ ಎಂಜಿನ್ ಆರಿಸಿ. ಆ ತುದಿಗೆ ಹತ್ತಿರ ಬಂದಾಗ ದಿಗಂತಕ್ಕೆ ಸಮನಾಗಿ ಮೂತಿ ತಿರುಗಿಸಿ ಮತ್ತೆ ಉರಿಸಿ. ದಾರಿಯ ಗೆರೆ ನಿಧಾನವಾಗಿ ಉಬ್ಬಿ, ಗ್ರಹವನ್ನು ಸುತ್ತುವ ಉಂಗುರವಾಗುತ್ತದೆ. ಮೊದಲ ಸಲ ಆ ಉಂಗುರ ಕೂಡಿಕೊಂಡಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಇಂಧನ ಸಾಲದಿದ್ದರೆ ದೊಡ್ಡ ಟ್ಯಾಂಕ್ ಸೇರಿಸಲು ಮನಸ್ಸು ಓಡುತ್ತದೆ. ಆದರೆ ಆ ಇಂಧನವನ್ನು ಹೊರಲೂ ಇಂಧನ ಬೇಕು. ದುಪ್ಪಟ್ಟು ಇಂಧನ ಹಾಕಿದರೆ ದುಪ್ಪಟ್ಟು ವೇಗ ಸಿಗುವುದಿಲ್ಲ. ರಷ್ಯಾದ ತ್ಸಿಯೊಲ್ಕೊವ್‌ಸ್ಕಿ 1903ರಲ್ಲಿ ಪ್ರಕಟಿಸಿದ ರಾಕೆಟ್ ಸಮೀಕರಣ ಹೇಳುವುದು ಇದನ್ನೇ. ಮೇಲಿನ ತುದಿಯಲ್ಲಿ ತೂಕ ಕಡಿಮೆ ಮಾಡಿ, ಖಾಲಿ ಟ್ಯಾಂಕನ್ನು ದಾರಿಯಲ್ಲೇ ಬಿಸಾಡಿ. ಕಕ್ಷೆ ತಲುಪಲು ಒಟ್ಟು 3,400 ಮೀಟರ್ ಪ್ರತಿ ಸೆಕೆಂಡ್‌ನಷ್ಟು ವೇಗ ಬದಲಿಸುವ ಶಕ್ತಿ ಇದ್ದರೆ ಸಾಕು. ಅಲ್ಲಿಂದ ಮುನ್ ಎಂಬ ಚಂದ್ರನ ಕಡೆಗೆ ಹೊರಡಲು ಇನ್ನೊಂದು 860.

ಆಮೇಲೆ ಒಂದು ದಿನ ಕಕ್ಷೆಯಲ್ಲಿ ಎರಡು ನೌಕೆಗಳನ್ನು ಕೂಡಿಸಲು ಹೊರಡುತ್ತೀರಿ. ಮುಂದಿರುವ ನೌಕೆಯನ್ನು ಹಿಡಿಯಲು ಮುನ್ನುಗ್ಗಿದರೆ ಹಿಂದೆ ಬೀಳುತ್ತೀರಿ! ಯಾಕೆಂದರೆ ವೇಗ ಹೆಚ್ಚಿಸಿದಾಗ ಕಕ್ಷೆ ದೊಡ್ಡದಾಗುತ್ತದೆ, ಸುತ್ತು ಮುಗಿಸಲು ಹೆಚ್ಚು ಹೊತ್ತು ಬೇಕಾಗುತ್ತದೆ. ಹಿಡಿಯಬೇಕಾದರೆ ವೇಗ ತಗ್ಗಿಸಬೇಕು. ಕಕ್ಷೆ ಕಿರಿದಾಗುತ್ತದೆ, ಸುತ್ತು ಬೇಗ ಮುಗಿಯುತ್ತದೆ. ಇದನ್ನು ಓದಿ ತಿಳಿಯುವುದು ಬೇರೆ, ಕೈಯಾರೆ ಅನುಭವಿಸುವುದು ಬೇರೆ.

ಈಗ ಚೆಂದ ಮಾಡಿ, ಒಂದು ಅಳತೆ ಹಿಡಿದು

ಝ್ಯಾಕ್ಟ್ರಾನಿಕ್ಸ್ ಆಟಗಳಲ್ಲಿ ಲೆವೆಲ್ ಮುಗಿದ ಮೇಲೆ ಬೇರೆ ಆಟಗಾರರ ಎದುರು ನೀವು ಎಲ್ಲಿದ್ದೀರಿ ಎಂದು ತೋರಿಸುವ ನಕ್ಷೆಗಳು ಬರುತ್ತವೆ. ಓಪಸ್ ಮ್ಯಾಗ್ನಮ್‌ನಲ್ಲಿ ಖರ್ಚು, ಸಮಯ, ಜಾಗ. ಟಿಐಎಸ್-100ರಲ್ಲಿ ಸಮಯ, ಬಳಸಿದ ಮನೆಗಳು, ಸೂಚನೆಗಳು. ಮೂರರಲ್ಲೂ ಒಟ್ಟಿಗೆ ಗೆಲ್ಲಲು ಹೋಗಬೇಡಿ. ಅವು ಒಂದನ್ನೊಂದು ಎಳೆಯುತ್ತವೆ. ಒಳಗೆ ಬರುವ ಸಂಖ್ಯೆಗಳನ್ನು ಎರಡು ಮನೆಗಳಿಗೆ ಹಂಚಿ ಒಟ್ಟಿಗೆ ಕೆಲಸ ಮಾಡಿಸಿದರೆ ಸಮಯ ಉಳಿಯುತ್ತದೆ, ಆದರೆ ಮನೆಯೂ ಜಾಸ್ತಿ, ಸೂಚನೆಯೂ ಜಾಸ್ತಿ. ಒಂದು ಅಳತೆಗೆ ಒಂದು ಉತ್ತರ, ಬೇರೆ ಅಳತೆಗೆ ಬೇರೆ ಉತ್ತರ ಉಳಿಸಿಡಿ.

ಎಲ್ಲ ಲೆವೆಲ್‌ನಲ್ಲೂ ಹೀಗೆ ಮಾಡಬೇಕಾಗಿಲ್ಲ. ಮನಸ್ಸಿಗೆ ಅಂಟಿಕೊಂಡ ಒಗಟುಗಳಿಗೆ ಮಾತ್ರ ಸಾಕು.

ಸಿಕ್ಕಿಹಾಕಿಕೊಂಡಾಗ

ಸಿಕ್ಕಿಹಾಕಿಕೊಳ್ಳುತ್ತೀರಿ, ಖಂಡಿತ. ಆಗ ಮೊದಲು ಒಗಟನ್ನು ಪಕ್ಕದಲ್ಲಿ ಯಾರಾದರೂ ಕೂತಿದ್ದಾರೆ ಎಂಬಂತೆ ಜೋರಾಗಿ ವಿವರಿಸಿ. ವಿವರಿಸುವಾಗ "ಇಲ್ಲಿ ಇದು ತಾನಾಗಿ ಆಗುತ್ತದೆ" ಎಂದು ಜಾರಿಸಿದ ಜಾಗ ಇರುತ್ತದಲ್ಲ, ಅದನ್ನು ಹಿಡಿಯಿರಿ. ಅದು ತಾನಾಗಿ ಆಗುತ್ತಿಲ್ಲ.

ಎರಡನೆಯದು, ಒಗಟನ್ನು ಸಣ್ಣದು ಮಾಡಿ. ಹತ್ತು ಸಂಖ್ಯೆಗಳನ್ನು ಜೋಡಿಸಲು ಆಗದಿದ್ದರೆ ಎರಡನ್ನು ಜೋಡಿಸಲು ಆಗುತ್ತದಾ ನೋಡಿ. ಎರಡು ಆದರೆ ಮೂರು.

ಅದೂ ಆಗದಿದ್ದರೆ ಆಟ ಮುಚ್ಚಿ ಮಲಗಿ. ಬೆಳಿಗ್ಗೆ ಮುಖ ತೊಳೆಯುವಾಗ ಉತ್ತರ ಹೊಳೆದದ್ದು ನನಗೆ ಎಷ್ಟೋ ಸಲ ಆಗಿದೆ.

ನಾನು ಇಟ್ಟುಕೊಂಡಿರುವ ನಿಯಮ ಮೂರು ದಿನ. ಮೂರು ಬೇರೆ ಬೇರೆ ದಿನ ಕೂತು ಪ್ರಯತ್ನಿಸಿಯೂ ಆಗದಿದ್ದರೆ ಮಾತ್ರ ಸುಳಿವು ಹುಡುಕುತ್ತೇನೆ. ಪೂರ್ತಿ ಉತ್ತರ ಕಣ್ಣಿಗೆ ಬಿದ್ದುಬಿಟ್ಟರೆ ಅದನ್ನು ನಕಲು ಮಾಡುವುದಿಲ್ಲ. ಅದರಲ್ಲಿನ ಉಪಾಯವನ್ನು ಒಂದು ವಾಕ್ಯದಲ್ಲಿ ನೋಟ್‌ಬುಕ್‌ನಲ್ಲಿ ಬರೆದು, ಉತ್ತರ ಮುಚ್ಚಿ, ಮರುದಿನ ಆ ವಾಕ್ಯದಿಂದ ನನ್ನದೇ ಉತ್ತರ ಕಟ್ಟುತ್ತೇನೆ. ಹೀಗೆ ಮಾಡಿದರೆ ಖುಷಿ ಪೂರ್ತಿ ಕಳೆದುಹೋಗುವುದಿಲ್ಲ.

ಕೊನೆಯ ಲೆವೆಲ್‌ವರೆಗೆ ಹೋಗಲೇಬೇಕು ಅಂತಿಲ್ಲ. ಝ್ಯಾಕ್ಟ್ರಾನಿಕ್ಸ್‌ನದೇ 2011ರ ಆಟ ಸ್ಪೇಸ್‌ಕೆಮ್‌ನ ಕೊನೆಯ ಭಾಗ ತುಂಬಾ ಕಷ್ಟ. ಅರ್ಧಕ್ಕೆ ನಿಂತರೂ ಕಲಿತದ್ದು ಕಲಿತದ್ದೇ.

ಮುಂದೆ ಎಲ್ಲಿಗೆ

ಈ ಬಗೆಯ ಆಟ ಹೊಸದಲ್ಲ. 1984ರಲ್ಲೇ ರೋಬೋಟ್ ಒಡಿಸ್ಸಿ ಎಂಬ ಆಟದಲ್ಲಿ ಮಕ್ಕಳು ರೋಬೋಟ್‌ಗಳ ಒಳಗೆ ಲಾಜಿಕ್ ಗೇಟ್‌ಗಳಿಗೆ, ಅಂದರೆ 0 ಅಥವಾ 1 ತೆಗೆದುಕೊಂಡು 0 ಅಥವಾ 1 ಕೊಡುವ ಪುಟ್ಟ ಸರ್ಕ್ಯೂಟ್‌ಗಳಿಗೆ, ತಂತಿ ಜೋಡಿಸುತ್ತಿದ್ದರು. ಆ ದಾರಿಯಲ್ಲಿ ಈಗ ಹೋಗಬೇಕೆಂದರೆ ಟ್ಯೂರಿಂಗ್ ಕಂಪ್ಲೀಟ್ ಎಂಬ ಆಟ ಇದೆ. ನ್ಯಾಂಡ್ ಎಂಬ ಒಂದೇ ಬಗೆಯ ಗೇಟಿನಿಂದ ಶುರುಮಾಡಿ, ಕೊನೆಗೆ ನೀವೇ ಕಟ್ಟಿದ ಕಂಪ್ಯೂಟರ್ ಮೇಲೆ ಕೋಡ್ ಓಡಿಸುತ್ತೀರಿ.

ದುಡ್ಡು ಕೊಡುವ ಮೊದಲು ರುಚಿ ನೋಡಬೇಕಾ? ನ್ಯಾಂಡ್‌ಗೇಮ್ ಬ್ರೌಸರ್‌ನಲ್ಲೇ ಉಚಿತವಾಗಿ ಸಿಗುತ್ತದೆ. ಅದರ ಮೊದಲ ಲೆವೆಲ್‌ನಲ್ಲಿ ರಿಲೇಗಳಿಂದ, ಅಂದರೆ ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್‌ಗಳಿಂದ, ನ್ಯಾಂಡ್ ಗೇಟ್ ಕಟ್ಟಬೇಕು. ನ್ಯಾಂಡ್‌ನ ಎರಡೂ ಒಳದಾರಿಗಳಿಗೆ 1 ಬಂದರೆ ಹೊರಗೆ 0, ಬೇರೆ ಎಲ್ಲ ಸಲವೂ 1. ಎರಡನೇ ಲೆವೆಲ್‌ನಲ್ಲಿ ಅದೇ ಗೇಟಿನಿಂದ 0 ಬಂದರೆ 1, 1 ಬಂದರೆ 0 ಕೊಡುವ ಸಾಧನ ಮಾಡಬೇಕು. ನಿಮ್ಮ ಹತ್ತಿರ ಇರುವುದು ಒಂದೇ ತಂತಿ, ಗೇಟಿಗೆ ಇರುವುದು ಎರಡು ಒಳದಾರಿ. ಕಾಗದ ತೆಗೆದುಕೊಂಡು ಮೊದಲು ಕೈಯಲ್ಲೇ ಮಾಡಿ ನೋಡಿ.